32 ಬಿಟ್ ಸಾಟಾ ಕಾರ್ಡ್, 16 ಜಿಬಿ ರ‍್ಯಾಮ್: ಬೌನ್ಸ್ ಬಫರ್ ಸಾಕಾ, ಐಒಎಂಎಂಯು ಬೇಕಾ?

ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಐಒಎಂಎಂಯುಗೆ, ಅಂದರೆ ಸಾಧನ ಮೆಮೊರಿ ಮುಟ್ಟುವಾಗ ನಡುವೆ ವಿಳಾಸ ಬದಲಾಯಿಸಿ ಕೊಡುವ ಹಾರ್ಡ್‌ವೇರ್‌ಗೆ. ಅದು ಕೊಟ್ಟ ಕಾಟವನ್ನೂ ಕೆಳಗೆ ಬರೆದಿದ್ದೇನೆ. ಅದೂ ಕಡಿಮೆಯದ್ದಲ್ಲ.

ಮನೆಯ ಬ್ಯಾಕಪ್ ಯಂತ್ರಕ್ಕೆ ಇನ್ನಷ್ಟು ಹಾರ್ಡ್ ಡಿಸ್ಕ್ ಸೇರಿಸಬೇಕಿತ್ತು. ಮದರ್‌ಬೋರ್ಡಿನಲ್ಲಿ ಸಾಟಾ ಪೋರ್ಟ್ ಖಾಲಿ ಇರಲಿಲ್ಲ. ನಾಲ್ಕು ಪೋರ್ಟಿನ ಒಂದು ಅಗ್ಗದ ಕಾರ್ಡ್ ಸೆಕೆಂಡ್ ಹ್ಯಾಂಡ್‌ನಲ್ಲಿ ಸಿಕ್ಕಿತು. ಹಾಕಿದ ಕೂಡಲೇ ಡಿಸ್ಕುಗಳೆಲ್ಲ ಕಾಣಿಸಿದವು. ದೊಡ್ಡ ಕಾಪಿ ಶುರು ಮಾಡಿದರೆ ಮಾತ್ರ ಲಿನಕ್ಸ್ ಕರ್ನಲ್ ಲಾಗ್‌ನಲ್ಲಿ ಸ್ವಿಯೊಟಿಎಲ್‌ಬಿ (ಬೌನ್ಸ್ ಬಫರ್, ವಿವರ ಕೆಳಗಿದೆ) ಬಫರ್ ತುಂಬಿದೆ ಎಂಬ ಸಾಲು, ಅದರ ಬೆನ್ನಿಗೇ ಡಿಸ್ಕ್ ಎರರ್. ಡಿಸ್ಕುಗಳು ತಮ್ಮ ಆರೋಗ್ಯದ ಬಗ್ಗೆ ಕೊಡುವ ಸ್ಮಾರ್ಟ್ ರಿಪೋರ್ಟ್ ನೋಡಿದರೆ ಎಲ್ಲ ಚೆನ್ನಾಗಿಯೇ ಇದೆ.

ಉತ್ತರ ಬೂಟ್ ಲಾಗ್‌ನಲ್ಲೇ ಇತ್ತು. ಸಾಟಾ ಕಂಟ್ರೋಲರ್ ನಡೆಸುವ ಎಎಚ್‌ಸಿಐ ಡ್ರೈವರ್ ತಾನು ಕಂಡ ಕಂಟ್ರೋಲರಿನ ಗುಣಗಳನ್ನು 'ಫ್ಲ್ಯಾಗ್ಸ್' ಎಂಬ ಸಾಲಿನಲ್ಲಿ ಬರೆಯುತ್ತದೆ. ಮದರ್‌ಬೋರ್ಡಿನ ಕಂಟ್ರೋಲರಿಗೆ ಆ ಸಾಲು '64ಬಿಟ್' ಅಂತ ಶುರುವಾಗುತ್ತದೆ. ನನ್ನ ಕಾರ್ಡಿನ ಸಾಲಿನಲ್ಲಿ ಆ ಪದವೇ ಇಲ್ಲ. ಅಂದರೆ ಕಾರ್ಡಿಗೆ 4 ಜಿಬಿಗಿಂತ ಮೇಲಿನ ಮೆಮೊರಿ ವಿಳಾಸ ಹೇಳೋಕೇ ಬರಲ್ಲ. ಇಂಥದ್ದನ್ನು ಮಾರುವವರು ಡಬ್ಬಿಯ ಮೇಲೆ ಯಾಕೆ ಹಾಕುತ್ತಾರೆ ಹೇಳಿ?

ಲಿನಕ್ಸ್ ಮೆಮೊರಿಯನ್ನು ಝೋನ್‌ಗಳಾಗಿ ಹಂಚಿಡೋದು ಇಂಥವುಗಳಿಗಾಗಿಯೇ. ಪಿಸಿಯಲ್ಲಿ ಮೊದಲ 16 ಎಂಬಿ ಡಿಎಂಎ ಝೋನ್ (ಡಿಎಂಎ ಅಂದರೆ ಸಿಪಿಯು ನಡುವೆ ಬರದೆ ಸಾಧನವೇ ನೇರ ಮೆಮೊರಿ ಮುಟ್ಟೋದು). ಹಳೆಯ ಐಎಸ್‌ಎ ಕಾಲದ ಡಿಎಂಎಗೆ 24 ಬಿಟ್ ವಿಳಾಸ ಮಾತ್ರ ಗೊತ್ತಿತ್ತಲ್ಲ, ಅದರ ಬಳುವಳಿ. ಅಲ್ಲಿಂದ 4 ಜಿಬಿವರೆಗೆ ಡಿಎಂಎ32. ಅದರ ಮೇಲಿನದೆಲ್ಲ ನಾರ್ಮಲ್. ಫೈಲ್ ಓದುವಾಗ ಬಳಕೆಯಾಗುವ ಪೇಜ್ ಕ್ಯಾಶ್‌ಗೆ ಕರ್ನಲ್ ಮೊದಲು ನಾರ್ಮಲ್‌ನಿಂದಲೇ ಪೇಜ್ (ಮೆಮೊರಿಯ ಸಣ್ಣ ತುಂಡು) ಕೊಡುತ್ತದೆ. ಕೆಳಗಿನ ಝೋನ್‌ಗಳನ್ನು ಅಗತ್ಯ ಇರುವವರಿಗಾಗಿ ಕೈಹಿಡಿದು ಖರ್ಚು ಮಾಡುತ್ತದೆ. ಒಳ್ಳೆಯ ಬುದ್ಧಿಯೇ. ಆದರೆ 16 ಜಿಬಿ ಯಂತ್ರದಲ್ಲಿ ನನ್ನ ಕಾರ್ಡಿಗೆ ಬೇಕಾದ ಪೇಜ್‌ಗಳು ಬಹುಪಾಲು ಅದರ ಕೈಗೆ ಎಟುಕದ ಜಾಗದಲ್ಲೇ ಇರುತ್ತವೆ.

ಆಗ ತಾನಾಗಿ ಕೆಲಸಕ್ಕೆ ಇಳಿಯೋದು ಸ್ವಿಯೊಟಿಎಲ್‌ಬಿ, ಅಂದರೆ ಬೌನ್ಸ್ ಬಫರ್. ಲಾರಿ ಓಣಿಯೊಳಗೆ ಬರಲ್ಲ, ಸಾಮಾನನ್ನು ಮೇನ್ ರೋಡಿನಲ್ಲಿ ಇಳಿಸಿ ಆಟೋದಲ್ಲಿ ಮನೆಗೆ ತರುತ್ತೇವಲ್ಲ, ಹಾಗೆ. ಕಾರ್ಡ್ 4 ಜಿಬಿ ಕೆಳಗಿನ ಒಂದು ಜಾಗಕ್ಕೆ ಡೇಟಾ ಸುರಿಯುತ್ತದೆ, ಸಿಪಿಯು ಅದನ್ನು ಮೇಲಿನ ಪೇಜಿಗೆ ಕಾಪಿ ಮಾಡುತ್ತದೆ. ಈ ಕಾಪಿಯ ಖರ್ಚು ನನಗೆ ದೊಡ್ಡದಾಗಿ ಕಾಣಲಿಲ್ಲ. ತೊಂದರೆ ಆಗಿದ್ದು ಜಾಗದ್ದು. ಡಿಫಾಲ್ಟ್ ಆಗಿ ಸಿಗೋದು 64 ಎಂಬಿ. ಒಂದೊಂದು ಡಿಸ್ಕಿನಲ್ಲೂ ಒಟ್ಟಿಗೆ 32ರವರೆಗೆ ರಿಕ್ವೆಸ್ಟ್ ಓಡಬಹುದು. ನಾಲ್ಕು ಡಿಸ್ಕಿಗೆ 128. ತಲಾ ಅರ್ಧ ಎಂಬಿ ಅಂದರೂ ಲೆಕ್ಕ ಸರಿಯಾಗಿ 64ಕ್ಕೆ ಬಂದು ನಿಲ್ಲುತ್ತದೆ. ನನ್ನದು ಹಳೆಯ ಕರ್ನಲ್ ಬೇರೆ.

ಬೂಟ್ ಸಾಲಿನಲ್ಲಿ, ಅಂದರೆ ಕರ್ನಲ್ ಶುರುವಾಗುವಾಗ ಅದಕ್ಕೆ ಕೊಡುವ ಆಯ್ಕೆಗಳಲ್ಲಿ, ಈ ಜಾಗ ಹೆಚ್ಚಿಸಬಹುದು. ಅಲ್ಲಿ ಕೊಡಬೇಕಾದ್ದು ಎಂಬಿ ಲೆಕ್ಕ ಅಲ್ಲ, 2 ಕೆಬಿ ಸ್ಲಾಟ್‌ಗಳ ಲೆಕ್ಕ. 128 ಎಂಬಿ ಬೇಕಾದರೆ 65536 ಅಂತ ಬರೆಯಬೇಕು. ಬರೆದೆ, ಎರರ್ ನಿಂತಿತು. ಇಷ್ಟು ಸಾಕು ಅನ್ನುವವರು ಇಲ್ಲೇ ನಿಲ್ಲಬಹುದು. ನನಗೆ ಇದು ಮುಂದೆ ಇನ್ಯಾವತ್ತೋ ಮತ್ತೆ ತುಂಬುವ ಡಬ್ಬ ಅಂತಲೇ ಅನಿಸಿತು.

ರ‍್ಯಾಮ್‌ಗೇ ಮಿತಿ ಹಾಕಿ 4 ಜಿಬಿಯಲ್ಲಿ ಬೂಟ್ ಮಾಡೋದು ಇನ್ನೊಂದು ದಾರಿ. 4 ಜಿಬಿ ಅಂದರೂ ಕೈಗೆ ಸಿಗೋದು 3ರ ಆಸುಪಾಸು. ಯಾಕೆಂದರೆ ಆ ಮಿತಿ ವಿಳಾಸಕ್ಕೆ, ಮತ್ತು 4 ಜಿಬಿಯ ತುದಿಯ ವಿಳಾಸಗಳನ್ನು ಪಿಸಿಐ ಸಾಧನಗಳು ಹಿಡಿದಿಟ್ಟುಕೊಂಡಿರುತ್ತವೆ. ದುಡ್ಡು ಕೊಟ್ಟು ತಂದ ರ‍್ಯಾಮನ್ನು ಸುಮ್ನೆ ಮಲಗಿಸೋಕೆ ಮನಸ್ಸು ಬರಲಿಲ್ಲ.

ಇನ್ನು ಐಒಎಂಎಂಯು. ಇಂಟೆಲ್‌ನಲ್ಲಿ ವಿಟಿ-ಡಿ, ಎಎಂಡಿಯಲ್ಲಿ ಎಎಂಡಿ-ವಿಐ. ಇದು ಸಾಧನ ಮತ್ತು ಮೆಮೊರಿಯ ನಡುವೆ ಕೂತು ವಿಳಾಸ ಬದಲಾಯಿಸಿ ಕೊಡುತ್ತದೆ. ಕಾರ್ಡಿಗೆ 4 ಜಿಬಿ ಒಳಗಿನ ವಿಳಾಸ ಕಾಣುತ್ತದೆ, ನಿಜವಾದ ಪೇಜ್ 13ನೇ ಜಿಬಿಯಲ್ಲಿದ್ದರೂ ನಡೆಯುತ್ತದೆ. ಕಾಪಿ ಇಲ್ಲ, ತುಂಬುವ ಡಬ್ಬ ಇಲ್ಲ. ಜೊತೆಗೆ ಕಾರ್ಡ್ ತನಗೆ ಕೊಡದ ಮೆಮೊರಿಗೆ ಕೈಹಾಕಿದರೆ ಅಲ್ಲೇ ತಡೆಯುತ್ತದೆ. ಬಯಾಸ್‌ನಲ್ಲಿ ವಿಟಿ-ಡಿ ಆನ್ ಮಾಡಿ, ಬೂಟ್ ಸಾಲಿಗೆ ಒಂದು ಪದ ಸೇರಿಸಿದೆ. ಕಾರ್ಡ್ ತಣ್ಣಗೆ ಓಡಿತು.

ಕಾಟ ಬಂದದ್ದು ಇನ್ನೊಂದು ಕಡೆಯಿಂದ. ಅದೇ ಯಂತ್ರದಲ್ಲಿ ಮೊದಲಿನಿಂದ ಇದ್ದ ಇನ್ನೊಂದು ಸಾಟಾ ಕಾರ್ಡಿಗೆ 64 ಬಿಟ್ ಬರುತ್ತದೆ, ಅದಕ್ಕೆ ಇದೆಲ್ಲ ಬೇಕಾಗಿಯೇ ಇರಲಿಲ್ಲ. ಐಒಎಂಎಂಯು ಆನ್ ಆದ ಮೇಲೆ ಅದರ ಡಿಸ್ಕುಗಳೇ ಮಾಯ. ಲಾಗ್ ತುಂಬ ಡಿಎಂಎಆರ್ ಫಾಲ್ಟ್, ಅಂದರೆ ಐಒಎಂಎಂಯು ತಡೆದ ಡಿಎಂಎ. ಸರಿಯಾಗಿ ಓದಿದರೆ ಫಾಲ್ಟ್ ಬಂದ ಸಾಧನದ ನಂಬರ್ ಕೊನೆಯಲ್ಲಿ .1 ಅಂತಿದೆ. ಆ ಕೊನೆಯ ಅಂಕಿ ಫಂಕ್ಷನ್, ಅಂದರೆ ಕಾರ್ಡಿನೊಳಗಿನ ಉಪಸಾಧನದ ಸಂಖ್ಯೆ. ಪಿಸಿಐ ಪಟ್ಟಿಯಲ್ಲಿ ಆ ಕಾರ್ಡಿಗೆ ಇರೋದು .0 ಒಂದೇ. ಇಲ್ಲದ ಫಂಕ್ಷನ್ ಮೆಮೊರಿ ಕೇಳುತ್ತಿದೆ!

ಕೆಲವು ಸಾಟಾ ಚಿಪ್‌ಗಳಲ್ಲಿ ಇದು ಹಳೆಯ ರೋಗ. ಡಿಎಂಎ ಮಾಡುವಾಗ ಚಿಪ್ ತನ್ನ ಗುರುತನ್ನು ತಪ್ಪಾಗಿ ಹೇಳುತ್ತದೆ. ಐಒಎಂಎಂಯು ಪರ್ಮಿಷನ್ ನೋಡೋದೇ ಆ ಗುರುತಿನ ಮೇಲೆ. .1 ಹೆಸರಿನಲ್ಲಿ ಏನೂ ಬರೆದಿಟ್ಟಿಲ್ಲ, ಹಾಗಾಗಿ ಬಾಗಿಲು ತೆಗೆಯಲ್ಲ. ಐಒಎಂಎಂಯು ಆಫ್ ಇದ್ದಾಗ ಗುರುತು ಕೇಳುವವರೇ ಇರಲ್ಲ, ಎಲ್ಲ ಸುಸೂತ್ರ. ಲಿನಕ್ಸ್‌ನ ಪಿಸಿಐ ಕ್ವಿರ್ಕ್ (ತಪ್ಪಾಗಿ ನಡೆಯುವ ಚಿಪ್‌ಗಳಿಗೆ ಮಾಡಿಕೊಂಡ ಹೊಂದಾಣಿಕೆ) ಪಟ್ಟಿಯಲ್ಲಿ ಇಂಥ ಚಿಪ್‌ಗಳ ಐಡಿಗಳಿವೆ. ಪಟ್ಟಿಯಲ್ಲಿದ್ದರೆ ಕರ್ನಲ್ .1ಕ್ಕೂ ಅದೇ ಮ್ಯಾಪಿಂಗ್ ಕೊಡುತ್ತದೆ. ನನ್ನ ಹಳೆಯ ಕರ್ನಲ್‌ನ ಪಟ್ಟಿಯಲ್ಲಿ ನನ್ನ ಚಿಪ್ ಇರಲಿಲ್ಲ, ಹೊಸದರಲ್ಲಿ ಇತ್ತು. ಕರ್ನಲ್ ಅಪ್‌ಗ್ರೇಡ್ ಮಾಡಿದೆ, ಡಿಸ್ಕುಗಳು ವಾಪಸ್ ಬಂದವು. ನಿಮ್ಮ ಚಿಪ್ ಹೊಸದರಲ್ಲೂ ಇಲ್ಲದಿದ್ದರೆ ಆ ಕಾರ್ಡ್ ಬದಲಿಸೋದೇ ವಾಸಿ.

ಇನ್ನೊಂದು ವಿಷಯ. ವರ್ಚುವಲ್ ಮೆಷೀನ್ ಗೈಡ್‌ಗಳಲ್ಲಿ ಐಒಎಂಎಂಯು ಜೊತೆಗೆ 'ಪಿಟಿ' ಅಂತ ಇನ್ನೊಂದು ಪದ ಸೇರಿಸಿ ಅಂತಾರೆ. ಅದು ಪಾಸ್‌ಥ್ರೂ. ಹೋಸ್ಟ್ ಬಳಸುವ ಸಾಧನಗಳಿಗೆ ವಿಳಾಸ ಬದಲಾವಣೆಯನ್ನೇ ಕೈಬಿಡುತ್ತದೆ. ನಮಗೆ ಬೇಕಾಗಿರೋದೇ ಆ ಬದಲಾವಣೆ ಅಲ್ವಾ? ಅದನ್ನು ಸೇರಿಸಬೇಡಿ.

ಸಿಎಂಎ (ಕಾಂಟಿಗ್ಯುಯಸ್ ಮೆಮೊರಿ ಅಲೊಕೇಟರ್) ಬಗ್ಗೆ ಕೇಳುತ್ತೀರಿ. ಸ್ಯಾಮ್‌ಸಂಗ್ ಎಂಜಿನಿಯರುಗಳು ಬರೆದು 2012ರಲ್ಲಿ 3.5 ಕರ್ನಲ್‌ಗೆ ಸೇರಿದ್ದು. ಕ್ಯಾಮೆರಾ, ವಿಡಿಯೋ ಡಿಕೋಡರ್‌ಗಳಂತೆ ಒಂದೇ ಸಾಲಿನಲ್ಲಿ ದೊಡ್ಡ ಜಾಗ ಕೇಳುವವರಿಗೆ ಅದು. ಬೇಡದಾಗ ಆ ಜಾಗವನ್ನು ಕರ್ನಲ್ ಬೇರೆಯವರಿಗೆ ಕೊಟ್ಟಿರುತ್ತದೆ, ಬೇಕಾದಾಗ ಅವರನ್ನು ಎಬ್ಬಿಸುತ್ತದೆ. ನನ್ನ ರಾಸ್ಪ್‌ಬೆರಿ ಪೈ 4ರ ಕ್ಯಾಮೆರಾಗೆ ಇದನ್ನೇ ಬಳಸುತ್ತೇನೆ. ಆ ಬೋರ್ಡಿನ ಹಲವು ಹಳೆಯ ಭಾಗಗಳಿಗೆ ಮೊದಲ 1 ಜಿಬಿ ಮಾತ್ರ ಎಟುಕುತ್ತದೆ, ಹಾಗಾಗಿ ಆರ್ಮ್64ಗೆ 5.5 ಕರ್ನಲ್‌ನಲ್ಲಿ ಡಿಎಂಎ ಝೋನ್ ಹೊಸದಾಗಿ ಸೇರಿಸಬೇಕಾಯಿತು. ಲಾಗ್‌ನಲ್ಲಿ ಸಿಎಂಎ ಫೇಲ್ -12 ಅಂದರೆ ಜಾಗ ಸಾಲದು, ಹೆಚ್ಚಿಸಿ. -16 ಅಂದರೆ ಒಳಗೆ ಯಾರೋ ಏಳಲೊಲ್ಲದೆ ಕೂತಿದ್ದಾರೆ. ಸಾಟಾ ಕಾರ್ಡಿನ ಪೇಜ್ ಕ್ಯಾಶ್ ಸಮಸ್ಯೆಗೆ ಮಾತ್ರ ಇದು ಮದ್ದಲ್ಲ.

ನನ್ನ ಬ್ಯಾಕಪ್ ರಾತ್ರಿ ಓಡುತ್ತದೆ, ನೆಟ್‌ವರ್ಕ್ ಗಿಗಾಬಿಟ್ ಅಷ್ಟೇ. ಐಒಎಂಎಂಯು ಮ್ಯಾಪಿಂಗ್‌ನಿಂದ ಸ್ವಲ್ಪ ನಿಧಾನ ಆದರೂ ನನಗೆ ಗೊತ್ತಾಗಲ್ಲ. ಹೊಸ ಕಾರ್ಡಿಗೆ ಕೊಡಬೇಕಿದ್ದ ದುಡ್ಡು ಉಳಿಯಿತು. ಬೋರ್ಡಿನಲ್ಲಿ ವಿಟಿ-ಡಿ ಇಲ್ಲದವರು ಬೌನ್ಸ್ ಬಫರ್ ದೊಡ್ಡದು ಮಾಡಿಕೊಂಡು ಇರಬಹುದು. ಹೊಸದಾಗಿ ಕೊಳ್ಳುವವರು ಮಾರುವವರ ಹತ್ತಿರ ಬೂಟ್ ಲಾಗ್‌ನ ಆ ಫ್ಲ್ಯಾಗ್ಸ್ ಸಾಲಿನ ಫೋಟೋ ಕೇಳಿ. ಕಳಿಸಲ್ಲ ಅಂದರೆ ಬೇರೆಯದು ನೋಡಿ.