ಮನೆಯಲ್ಲೇ ಕಚೇರಿ ಇರುವವರಿಗೆ ಯಾವ ಡೆಸ್ಕ್‌ಟಾಪ್? ಆಲ್-ಇನ್-ಒನ್, ಮಿನಿ ಪಿಸಿ, ಜೋಡಿಸಿದ ಟವರ್

ಹಗಲಿಗೆ ಅಂಗಡಿಗಳ ಜಿಎಸ್‌ಟಿ ಲೆಕ್ಕ, ಸಂಜೆಗೆ ಮಗಳ ಪಿಯುಸಿ ಪಾಠ. ಎರಡಕ್ಕೂ ಒಂದೇ ಕಂಪ್ಯೂಟರ್ ದುಡಿಯಬೇಕಾದ ಮನೆ ನಮ್ಮದು. ಇಂಥ ಮನೆಗೆ, ಬಿಡಿಭಾಗ ಆರಿಸಿ ಕ್ಯಾಬಿನೆಟ್‌ನಲ್ಲಿ ಜೋಡಿಸಿದ ಟವರ್ ಡೆಸ್ಕ್‌ಟಾಪೇ ಸರಿ ಎಂಬುದು ನನ್ನ ಖಚಿತ ಅಭಿಪ್ರಾಯ. ಅದಕ್ಕೂ ಮೊದಲು, ಪರದೆಯೊಳಗೇ ಕಂಪ್ಯೂಟರ್ ಇರುವ ಆಲ್-ಇನ್-ಒನ್ ಬಳಸಿದ್ದೇನೆ. ತಮ್ಮನ ಅಂಗಡಿಯ ಪುಟ್ಟ ಡಬ್ಬಿಯಂಥ ಮಿನಿ ಪಿಸಿಯಲ್ಲೂ ಸಾಕಷ್ಟು ಕೆಲಸ ಮಾಡಿದ್ದೇನೆ.

ಆಲ್-ಇನ್-ಒನ್ ನೋಡಲು ಚೆಂದ. ಮೇಜಿನ ಮೇಲೆ ತಂತಿಗಳ ಗೋಜಲಿಲ್ಲ, ಕ್ಯಾಮೆರಾ, ಮೈಕ್, ಸ್ಪೀಕರ್ ಎಲ್ಲವೂ ಒಳಗೇ ಇವೆ. ಆನ್‌ಲೈನ್ ತರಗತಿಗೆ ಬೇರೇನೂ ಕೊಳ್ಳಬೇಕಾಗಲಿಲ್ಲ. ವೇಗದ ಬಗ್ಗೆಯೂ ದೂರಿಲ್ಲ.

ತೊಂದರೆ ಶುರುವಾದದ್ದು ಒಂದು ವರ್ಷದ ವಾರಂಟಿ ಮುಗಿದ ಮೇಲೆ. ಒಂದು ಬೆಳಿಗ್ಗೆ ಪರದೆ ಕಪ್ಪಾಗಿಯೇ ಉಳಿಯಿತು. ಫ್ಯಾನ್ ತಿರುಗುತ್ತಿತ್ತು, ವಿಂಡೋಸ್ ಶುರುವಾದ ಸದ್ದೂ ಕೇಳಿಸಿತು. ಮೊಬೈಲ್ ಟಾರ್ಚನ್ನು ಪರದೆಗೆ ಓರೆಯಾಗಿ ಹಿಡಿದರೆ ಐಕಾನ್‌ಗಳು ಮಸುಕಾಗಿ ಕಾಣುತ್ತಿದ್ದವು. ಹೋಗಿದ್ದು ಹಿಂಬದಿಯ ಬೆಳಕು ಮಾತ್ರ. ಕಂಪ್ಯೂಟರ್ ಗಟ್ಟಿಮುಟ್ಟಾಗಿಯೇ ಇತ್ತು. ತಿಂಗಳ 20ನೇ ತಾರೀಖು ಹತ್ತಿರ ಬರುತ್ತಿತ್ತು. ಅಷ್ಟರೊಳಗೆ ತಿಂಗಳ ಜಿಎಸ್‌ಟಿ ರಿಟರ್ನ್ ಆದ ಜಿಎಸ್‌ಟಿಆರ್-3ಬಿ ಸಲ್ಲಿಸದಿದ್ದರೆ ದಿನಕ್ಕೆ 50 ರೂಪಾಯಿ ವಿಳಂಬ ಶುಲ್ಕ, ಕಟ್ಟದೆ ಉಳಿದ ತೆರಿಗೆಗೆ ವರ್ಷಕ್ಕೆ ಶೇ. 18 ಬಡ್ಡಿ. ಅದು ನನ್ನೊಬ್ಬರದಲ್ಲ, ನನ್ನನ್ನು ನಂಬಿದ ಅಂಗಡಿಯವರೆಲ್ಲರ ಲೆಕ್ಕ.

ಅಟ್ಟದಲ್ಲಿದ್ದ ಹಳೆಯ ಮಾನಿಟರ್ ಇಳಿಸಿ ಎಚ್‌ಡಿಎಂಐ ಕೇಬಲ್ ಸಿಕ್ಕಿಸಿದೆ. ಏನೂ ಮೂಡಲಿಲ್ಲ. ಕಣ್ಣು ಕಿರಿದು ಮಾಡಿ ನೋಡಿದರೆ ಪೋರ್ಟ್ ಪಕ್ಕದಲ್ಲಿ 'ಇನ್' ಎಂದು ಸಣ್ಣಗೆ ಬರೆದಿತ್ತು. ಹೊರಗಿನ ಸಾಧನದ ಚಿತ್ರವನ್ನು ಈ ಪರದೆಗೆ ತರುವ ಪೋರ್ಟ್ ಅದು. ಒಳಗಿನ ಚಿತ್ರವನ್ನು ಹೊರಗೆ ಕಳಿಸುವ ದಾರಿ ಆ ಮಾದರಿಯಲ್ಲಿ ಇರಲೇ ಇಲ್ಲ.

ಕಡತಗಳಿರುವ ಎಸ್‌ಎಸ್‌ಡಿ ಬಿಚ್ಚಿಸಿ ತಮ್ಮನ ಕಂಪ್ಯೂಟರಿಗೆ ಜೋಡಿಸಿದರೆ, ಕಡತಗಳನ್ನು ಕಾಯುವ ವಿಂಡೋಸಿನ ಬಿಟ್‌ಲಾಕರ್ ಬೀಗ. 48 ಅಂಕಿಗಳ ರಿಕವರಿ ಕೀ ಕೇಳಿತು. ಮೈಕ್ರೋಸಾಫ್ಟ್ ಖಾತೆಯಿಂದ ವಿಂಡೋಸ್ 11ಕ್ಕೆ ಲಾಗಿನ್ ಆದರೆ ಎಷ್ಟೋ ಕಂಪ್ಯೂಟರ್‌ಗಳಲ್ಲಿ ಈ ಬೀಗ ತಾನಾಗಿಯೇ ಬೀಳುತ್ತದೆ. ಕೀ ಅದೇ ಖಾತೆಯಲ್ಲಿ ಇರುತ್ತದೆ. ಮೊಬೈಲಿನಿಂದ ಖಾತೆ ತೆರೆದು ತೆಗೆದುಕೊಂಡೆ. ನೀವು ಯಾವ ಕಂಪ್ಯೂಟರ್ ಕೊಂಡರೂ ಆ ಕೀಯನ್ನು ಮೊದಲ ದಿನವೇ ಕಾಗದದ ಮೇಲೆ ಬರೆದಿಡಿ. ಲೆಕ್ಕದ ತಂತ್ರಾಂಶ ಟ್ಯಾಲಿಯ ಕಡತಗಳು ಕೈಗೆ ಬಂದವು, ರಿಟರ್ನ್‌ಗಳೂ ಹೊತ್ತಿಗೆ ಸರಿಯಾಗಿ ಹೋದವು. ಪರದೆಗೆ ಸರ್ವಿಸ್ ಸೆಂಟರ್‌ನವರು ಹೇಳಿದ ದರಕ್ಕೆ ಎರಡು ಹೊಸ ಮಾನಿಟರ್ ಬರುತ್ತಿದ್ದವು.

ಟವರ್‌ನಲ್ಲಿ ಇದೇ ದೋಷ ಬಂದರೆ ಮಾನಿಟರ್ ಬದಲಿಸಿ ಕೆಲಸಕ್ಕೆ ಕೂರಬಹುದು. ಕಳೆದ ಬೇಸಿಗೆಯ ಗುಡುಗು ಮಳೆಗೆ ನನ್ನ ಟವರ್‌ನ ಎಸ್‌ಎಂಪಿಎಸ್, ಅಂದರೆ ಒಳಗಿನ ಭಾಗಗಳಿಗೆ ವಿದ್ಯುತ್ ಕೊಡುವ ಪೆಟ್ಟಿಗೆ, ಸುಟ್ಟಿತು. ಕ್ಯಾಬಿನೆಟ್ ಹೊತ್ತು ಪಕ್ಕದ ಬೀದಿಯ ಅಂಗಡಿಗೆ ಹೋದೆ. ನಾಲ್ಕು ಸ್ಕ್ರೂ ಬಿಚ್ಚಿ ಬೇರೆ ಹಾಕಿಕೊಟ್ಟರು. ಮಧ್ಯಾಹ್ನದ ಊಟದೊಳಗೆ ಕೆಲಸ ಮತ್ತೆ ಶುರು.

ಜೋಡಿಸುವಾಗ ಎರಡು ಸಂಗತಿ ನೋಡಿಕೊಳ್ಳಿ. ಇಂಟೆಲ್ ಐ3-12100 ಪ್ರೊಸೆಸರ್ ನಮ್ಮಂಥವರಿಗೆ ಧಾರಾಳವಾಗಿ ಸಾಕು. ಆದರೆ ಅದೇ ಹೆಸರಿನ ಕೊನೆಗೆ 'ಎಫ್' ಇದ್ದರೆ ಪರದೆಗೆ ಚಿತ್ರ ಮೂಡಿಸುವ ಗ್ರಾಫಿಕ್ಸ್ ಒಳಗೆ ಇರುವುದಿಲ್ಲ. ಅದರಿಂದ ದರಪಟ್ಟಿ ಅಗ್ಗವಾಗಿ ಕಾಣುತ್ತದೆ, ಬಳಿಕ ಗ್ರಾಫಿಕ್ಸ್ ಕಾರ್ಡಿಗೆ ಬೇರೆ ಹಣ ಹಾಕಬೇಕು. ಎರಡು ಮಾನಿಟರ್ ಜೋಡಿಸಲು ಎಚ್‌ಡಿಎಂಐ, ವಿಜಿಎ ಎರಡೂ ಪೋರ್ಟ್ ಇರುವ ಮದರ್‌ಬೋರ್ಡ್ ಕೇಳಿ. ನಾನು ಹಳೆಯ ಮಾನಿಟರಿನಲ್ಲಿ ಟ್ಯಾಲಿ, ಹೊಸದರಲ್ಲಿ ಜಿಎಸ್‌ಟಿ ಪೋರ್ಟಲ್ ತೆರೆದಿಡುತ್ತೇನೆ. ಬಿಲ್ಲುಗಳನ್ನು ಕಿಟಕಿ ಬದಲಿಸದೆ ತಾಳೆ ನೋಡುವ ಆ ಸುಖ ಸಿಕ್ಕ ಮೇಲೆ ಒಂದೇ ಪರದೆಗೆ ಮರಳಲಾರೆ.

ಬೆಂಗಳೂರಿನ ಕಂಪ್ಯೂಟರ್ ಮಾರುಕಟ್ಟೆಯಾದ ಎಸ್.ಪಿ. ರಸ್ತೆಯಲ್ಲಿ ಬೆಲೆ ಸ್ವಲ್ಪ ಇಳಿಯಬಹುದು. ಕೆಟ್ಟಾಗ ಓಡಲು ಊರಿನ ಅಂಗಡಿಯೇ ಬೇಕಲ್ಲ. ಪ್ರತಿ ಭಾಗಕ್ಕೂ ವಾರಂಟಿ ಬೇರೆ, ಹಾಗಾಗಿ ಬಿಲ್‌ನಲ್ಲಿ ಸೀರಿಯಲ್ ಸಂಖ್ಯೆಗಳನ್ನು ಬರೆಸಿಕೊಳ್ಳಿ. ಶೇ. 18 ಜಿಎಸ್‌ಟಿಯಲ್ಲಿ ವ್ಯವಹಾರಕ್ಕೆ ಬಳಸುವ ಪಾಲಿಗೆ, ಜಿಎಸ್‌ಟಿ ನೋಂದಣಿ ಇರುವವರಿಗೆ ಇನ್‌ಪುಟ್ ಕ್ರೆಡಿಟ್ ಸಿಗುತ್ತದೆ, ಅಂದರೆ ಕಟ್ಟಬೇಕಾದ ತೆರಿಗೆಯಲ್ಲಿ ಅಷ್ಟು ಕಳೆಯಬಹುದು. ಬಿಲ್‌ನಲ್ಲಿ ನಿಮ್ಮ ಜಿಎಸ್‌ಟಿ ಸಂಖ್ಯೆ ಇರಲಿ.

ಮಿನಿ ಪಿಸಿ ಒಳ್ಳೆಯ ಯಂತ್ರ. ಮಾನಿಟರಿನ ಬೆನ್ನಿಗೆ ಅಂಟಿಕೊಂಡು ಸದ್ದಿಲ್ಲದೆ ಕೆಲಸ ಮಾಡುತ್ತದೆ, ವಿದ್ಯುತ್ ಕಡಿಮೆ ಎಳೆಯುತ್ತದೆ, ಕರೆಂಟ್ ಹೋದಾಗ ಯುಪಿಎಸ್ ಹೆಚ್ಚು ಹೊತ್ತು ತಡೆಯುತ್ತದೆ. ಬಿಲ್ಲಿಂಗ್ ಕೌಂಟರಿಗೆ ಅದನ್ನೇ ಹೇಳುತ್ತೇನೆ. ನನಗೆ ಪ್ರಿಂಟರ್, ಸ್ಕ್ಯಾನರ್, ಡಿಜಿಟಲ್ ಸಹಿಯ ಡಿಎಸ್‌ಸಿ ಟೋಕನ್, ಪೆನ್ ಡ್ರೈವ್ ಎಲ್ಲವೂ ಒಟ್ಟಿಗೆ ಬೇಕು. ಅಲ್ಲಿ ಯುಎಸ್‌ಬಿ ಪೋರ್ಟ್‌ಗಳೇ ಸಾಲಲಿಲ್ಲ.

ಬಳಸಿದ ಕಚೇರಿ ಕಂಪ್ಯೂಟರ್ ಅಗ್ಗಕ್ಕೆ ಸಿಗುತ್ತದೆ ಎನ್ನುವವರು ಪ್ರೊಸೆಸರ್ ಇಂಟೆಲ್ 8ನೇ ತಲೆಮಾರಿನದೋ ಅದಕ್ಕಿಂತ ಹೊಸದೋ ಎಂದು ನೋಡಿ. ಹಳೆಯದಕ್ಕೆ ವಿಂಡೋಸ್ 11ರ ಅಧಿಕೃತ ಬೆಂಬಲ ಸಾಮಾನ್ಯವಾಗಿ ಇಲ್ಲ, ವಿಂಡೋಸ್ 10ರ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ.

ಹಳೆಯ ಮಾನಿಟರ್, ಯುಪಿಎಸ್ ಇದ್ದದ್ದರಿಂದ ನನ್ನ ಟವರ್ ಆಲ್-ಇನ್-ಒನ್‌ಗಿಂತ ಅಗ್ಗವಾಯಿತು. ಎಲ್ಲವನ್ನೂ ಹೊಸದಾಗಿ ಕೊಳ್ಳುವವರಿಗೆ ಹಾಗಾಗದಿರಬಹುದು. ಆಗಲೂ ನಾನು ಟವರ್ ಕೊಂಡು 8 ಜಿಬಿ ರ್‍ಯಾಮ್ ಒಂದನ್ನೇ ಹಾಕಿಸಿ, ಪಕ್ಕದ ಸ್ಲಾಟನ್ನು ಮುಂದಿನ ವರ್ಷಕ್ಕೆ ಬಿಡುತ್ತೇನೆ.