ಕ್ರ್ಯಾಂಕ್ ಪುಲ್ಲಿ ಹಾಕಿಸುವ ಮುಂಚೆ ಇದನ್ನು ಓದಿ: ಒಂದು ಬೋಲ್ಟ್‌ನಿಂದ ನನಗೆ ಬಿದ್ದ 46 ಸಾವಿರದ ಏಟು

ಹಳೇ ಕಾರು ಇಟ್ಟುಕೊಂಡವರಿಗೆ ಈ ಬರಹ. ಅದರಲ್ಲೂ ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಬಾನೆಟ್ ಒಳಗಿಂದ ಕೀಂಯ್ ಅಂತ ಸದ್ದು ಬರುತ್ತಿದ್ದರೂ, ಬೆಲ್ಟ್ ಹಳೇದಾಗಿರಬೇಕು ಬಿಡು ಅಂತ ಸುಮ್ನಿರುವವರಿಗೆ.

ನನ್ನದು 2006ರ ಪೆಟ್ರೋಲ್ ಕಾರು. ಕಂಪನಿ ಹೆಸರು ಬೇಡ, ತಪ್ಪು ಕಾರಿನದ್ದಲ್ಲ. ಮನೆ ಬಳ್ಳಾರಿಯಲ್ಲಿ, ಕೆಲಸ ತೋರಣಗಲ್ಲು ಕಡೆ. ಅದಿರು ಲಾರಿಗಳ ಹಿಂದೆ ದಿನಾ ಓಡುವ ಗಾಡಿ ಅಂದರೆ ಗೊತ್ತಲ್ಲ, ಬಾನೆಟ್ ಎತ್ತಿದರೆ ಒಳಗೆಲ್ಲ ಕೆಂಧೂಳು.

ದಸರಾ ಮುಗಿದ ಮೇಲೆ ಸದ್ದು ಶುರುವಾಯಿತು. ಅರ್ಧ ನಿಮಿಷ ಕಿರುಚುವುದು, ಆಮೇಲೆ ತಣ್ಣಗಾಗುವುದು. ಬೆಲ್ಟ್ ಬದಲಿಸಿದೆ. ಎರಡು ತಿಂಗಳಿಗೆ ಮತ್ತೆ ಅದೇ ರಾಗ. ಇನ್ನೊಂದು ಬೆಲ್ಟ್ ಹಾಕಿಸಿದೆ. ಪಕ್ಕದ ಮನೆಯವರು ಬೆಲ್ಟಿಗೆ ಬಟ್ಟೆ ಸೋಪು ಸವರಿ ಎಂದರು. ಅದನ್ನೂ ಮಾಡಿದೆ, ನಗಬೇಡಿ. ನಾಲ್ಕು ದಿನ ಸದ್ದು ನಿಂತಿತ್ತು ಕೂಡ.

ಹೊಸ ಬೆಲ್ಟಿನ ಅಂಚೂ ಎಳೆ ಎಳೆಯಾಗಿ ಬಿಚ್ಚುತ್ತಿರುವುದು ಕಂಡ ಮೇಲೆ ಅನುಮಾನ ಬಂತು. ಒಂದು ಭಾನುವಾರ ಎಂಜಿನ್ ಚಾಲೂ ಇಟ್ಟು, ಮೊಬೈಲ್ ಟಾರ್ಚ್ ಹಿಡಿದು ಪಕ್ಕದಿಂದ ಬಗ್ಗಿ ನೋಡಿದೆ. ಕೆಳಗಿನ ದೊಡ್ಡ ಪುಲ್ಲಿ, ನಿಲ್ಲುವ ಮುಂಚಿನ ಬುಗುರಿ ಹಾಗೆ ಓಲಾಡುತ್ತಿತ್ತು. ಅದರ ಅಕ್ಕಪಕ್ಕ ಕೆಂಧೂಳಿನ ಮೇಲೆ ಕಪ್ಪು ಪುಡಿ ಉದುರಿತ್ತು. ರಬ್ಬರ್ ಪುಡಿ. ಬೇರೆ ಊರಿನಲ್ಲಾಗಿದ್ದರೆ ಕಣ್ಣಿಗೆ ಬೀಳುತ್ತಿತ್ತೋ ಇಲ್ಲವೋ, ನಮ್ಮ ಧೂಳಿನಿಂದ ಅಷ್ಟಾದರೂ ಉಪಕಾರವಾಯಿತು.

ಈ ಕ್ರ್ಯಾಂಕ್ ಪುಲ್ಲಿ ನೋಡಲು ಒಂದೇ ಕಬ್ಬಿಣದ ಚಕ್ರ, ಆದರೆ ಇರುವುದು ಎರಡು ತುಂಡು. ಒಳಗಿನದು ಕ್ರ್ಯಾಂಕ್ ಶಾಫ್ಟಿನ, ಅಂದರೆ ಎಂಜಿನ್ನಿನೊಳಗೆ ತಿರುಗುವ ಮುಖ್ಯ ದಂಡದ, ಮೂತಿಗೆ ಕೂರುತ್ತದೆ. ಹೊರಗಿನ ಬಳೆಯ ಮೇಲೆ ಬೆಲ್ಟ್ ಓಡುತ್ತದೆ. ನಡುವೆ ಒಂದು ಪಟ್ಟಿ ರಬ್ಬರ್. ಸಿಲಿಂಡರಿನಲ್ಲಿ ಪೆಟ್ರೋಲ್ ಉರಿದಾಗಲೆಲ್ಲ ಶಾಫ್ಟಿಗೆ ಒಂದೊಂದು ಏಟು ಬೀಳುತ್ತದೆ, ಅದು ಕೂದಲೆಳೆಯಷ್ಟು ತಿರುಚಿಕೊಂಡು ವಾಪಸ್ ಬರುತ್ತದೆ. ಆ ನಡುಕವನ್ನು ನುಂಗುವುದು ಈ ರಬ್ಬರಿನ ಕೆಲಸ. ವರ್ಷಗಟ್ಟಲೆ ಎಂಜಿನ್ ಕಾವು, ಸೀಲಿನಿಂದ ಜಿನುಗಿದ ಆಯಿಲ್, ಇವೆರಡಕ್ಕೆ ಸಿಕ್ಕಿ ರಬ್ಬರ್ ಬಿರಿಯುತ್ತದೆ. ಆಮೇಲೆ ಹೊರಬಳೆ ಜಾರತೊಡಗುತ್ತದೆ. ಆಗ ಬೆಲ್ಟ್ ಎಷ್ಟು ಹೊಸದಾದರೇನು?

ಅನುಮಾನವಿದ್ದರೆ ಮನೆಯಲ್ಲೇ ನೋಡಿಕೊಳ್ಳಬಹುದು. ಎಂಜಿನ್ ಆಫ್ ಇದ್ದಾಗ ಪುಲ್ಲಿಯ ಒಳತುಂಡಿನಿಂದ ಹೊರಬಳೆಯವರೆಗೆ ವೈಟ್ನರ್‌ನಲ್ಲಿ ಒಂದು ನೇರ ಗೆರೆ ಎಳೆಯಿರಿ. ನಾಲ್ಕು ದಿನ ಓಡಿಸಿ ಮತ್ತೆ ನೋಡಿ. ಗೆರೆ ತುಂಡಾಗಿ ಎರಡು ಕಡೆ ಕಂಡರೆ ರಬ್ಬರ್ ಬಿಟ್ಟಿದೆ ಅಂತಲೇ. ನನ್ನದರಲ್ಲಿ ಎರಡೇ ದಿನಕ್ಕೆ ಗೆರೆಯ ಎರಡು ತುದಿ ಎರಡು ದಿಕ್ಕಿಗಿದ್ದವು.

ಇಲ್ಲಿವರೆಗೆ ನಾನು ಜಾಣನೇ. ಮುಂದಿನದು ಕೇಳಿ.

ಸ್ಪೇರ್ಸ್ ಅಂಗಡಿಯಲ್ಲಿ ಒರಿಜಿನಲ್ ಪುಲ್ಲಿ 3,800 ರೂಪಾಯಿ, ತರಿಸಲು ನಾಲ್ಕು ದಿನ. ಲೋಕಲ್ ಮಾಲು 1,450, ಕೈಯಲ್ಲೇ ಇತ್ತು. ಹುಣ್ಣಿಮೆಗೆ ಹುಲಿಗಿಯ ಹುಲಿಗೆಮ್ಮನ ಗುಡಿಗೆ ಕರೆದುಕೊಂಡು ಹೋಗುತ್ತೇನೆಂದು ಅವ್ವನಿಗೆ ಮಾತು ಕೊಟ್ಟಿದ್ದೆ. ಅದಕ್ಕೆ ಇನ್ನೂ ಹತ್ತು ದಿನವಿತ್ತು. ಕಾಯಬಹುದಿತ್ತು. ಕಾಯಲಿಲ್ಲ.

ಗ್ಯಾರೇಜಿನವರು ಹಳೇ ಪರಿಚಯ. ಹಿಂದೆ ಕ್ಲಚ್ ಕೆಲಸ ಚೆನ್ನಾಗಿಯೇ ಮಾಡಿಕೊಟ್ಟಿದ್ದರು. ಶನಿವಾರ ಮಧ್ಯಾಹ್ನ ಗಾಡಿ ಬಿಟ್ಟು, ಸಂಜೆಯೊಳಗೆ ಬೇಕು ಅಂತ ತಲೆಮೇಲೆ ಕೂತವನು ನಾನೇ. ಹಳೇ ಪುಲ್ಲಿ ಅಂಟಿಕೊಂಡಿತ್ತು. ಹೊರಬಳೆಗೆ ಪುಲ್ಲರ್ ಕಾಲು ಹಾಕಿ ಎಳೆದರು. ಹಾಗೆ ಎಳೆದರೆ ರಬ್ಬರ್ ಹರಿಯುತ್ತದೆ, ಆದರೆ ಎಸೆಯುವ ಸಾಮಾನಿಗೆ ಏನಾದರೇನು. ಹೊಸದು ಅರ್ಧ ಹೋಗಿ ನಿಂತಿತು. ಸುತ್ತಿಗೆ ಬಂತು. ಧಣ್ ಧಣ್ ಅಂತ ನಾಲ್ಕು ಹೊಡೆತ.

"ಅಣ್ಣ, ಹೊಡೆದರೆ ಏನಾಗಲ್ವಾ?" ಅಂದೆ.

"ಇಪ್ಪತ್ತು ವರ್ಷದಿಂದ ಹೀಗೇ ಹಾಕ್ತಿದೀನಿ ಸರ್, ಏನೂ ಆಗಲ್ಲ ಬಿಡ್ರಿ."

ಅದೇ ಹಳೇ ಬೋಲ್ಟ್ ಹಾಕಿದರು. ಬೋಲ್ಟ್ ಬಿಗಿಯುವ ಗನ್ ಹಿಡಿದು ಕಟಕಟ ಅಂತ ಮೂರು ಸಲ ಬಿಗಿದರು. ಬಿಗಿ ಎಷ್ಟೆಂದು ಅಳೆಯುವ ಟಾರ್ಕ್ ರೆಂಚ್ ಇಲ್ವಾ ಅಂತ ಕೇಳಿದ್ದಕ್ಕೆ "ಕೈಗೇ ಗೊತ್ತಾಗುತ್ತೆ ಸರ್" ಎಂದರು. ಕೂಲಿ 700 ಕೊಟ್ಟು, ಒಗ್ಗರಣೆ ಮಿರ್ಚಿ ತಿಂದು ಮನೆಗೆ ಬಂದೆ. ಸದ್ದು ಮಾಯ. ನನಗೂ ಖುಷಿ.

ಹುಣ್ಣಿಮೆ ದಿನ ಅವ್ವ, ಹೆಂಡತಿ, ಮಗಳನ್ನು ಕೂರಿಸಿಕೊಂಡು ಹೊಸಪೇಟೆ ರಸ್ತೆ ಹಿಡಿದೆ. ಅಷ್ಟರೊಳಗೆ ಗಾಡಿ ಇನ್ನೊಂದು ನಾನೂರು ಕಿಲೋಮೀಟರ್ ಓಡಿರಬೇಕು. ಕುಡಿತಿನಿ ಹತ್ತಿರ ನಿಧಾನ ಮಾಡಿದಾಗ ಟಕ್ ಟಕ್ ಅಂತ ಏನೋ ಕೇಳುತ್ತಿದೆ ಎಂದಳು ಹೆಂಡತಿ. ಲಾರಿದು ಇರಬೇಕು ಅಂದೆ. ಈ ಮಾತನ್ನು ಅವಳು ಇನ್ನೂ ಮರೆತಿಲ್ಲ.

ತೋರಣಗಲ್ಲು ಇನ್ನೂ ಬಂದಿರಲಿಲ್ಲ. ಬ್ಯಾಟರಿಯ ಕೆಂಪು ದೀಪ ಹತ್ತಿತು. ಸ್ಟೇರಿಂಗ್ ಕಲ್ಲಾಯಿತು. ಹಿಂದೆಯೇ ಟೆಂಪರೇಚರ್ ಮುಳ್ಳು ಮೇಲೇರತೊಡಗಿತು. ನನ್ನ ಕಾರಿನಲ್ಲಿ ವಾಟರ್ ಪಂಪ್ ತಿರುಗಿಸುವುದೂ ಇದೇ ಬೆಲ್ಟ್, ಅದು ಹೋದರೆ ಎಂಜಿನ್ ತಣ್ಣಗಿಡಲು ಏನೂ ಉಳಿಯಲ್ಲ. ತಕ್ಷಣ ಪಕ್ಕಕ್ಕೆ ಹಾಕಿ ಆಫ್ ಮಾಡಿದೆ. ಇಡೀ ಕಥೆಯಲ್ಲಿ ನಾನು ಮಾಡಿದ ಒಂದೇ ಸರಿಯಾದ ಕೆಲಸ ಅದು. ಬ್ಯಾಟರಿ ದೀಪ ಹತ್ತಿ ಮುಳ್ಳೂ ಮೇಲೇರುತ್ತಿದ್ದರೆ, ಮುಂದಿನ ಊರಿನವರೆಗೆ ಹೋಗೋಣ ಅಂತ ಎಳೆಯಬೇಡಿ. ಎಂಜಿನ್ನಿನ ಹೆಡ್, ಅಂದರೆ ಸಿಲಿಂಡರಿನ ಮೇಲಿನ ಮುಚ್ಚಳ, ಹೋಗುತ್ತದೆ.

ಬೆಲ್ಟ್ ಕಳಚಿ ಬಿದ್ದಿತ್ತು. ಆರಿದ ಮೇಲೆ ಪುಲ್ಲಿ ಮುಟ್ಟಿದರೆ ಹಾಲುಹಲ್ಲಿನ ಹಾಗೆ ಅಲ್ಲಾಡುತ್ತದೆ. ಏಪ್ರಿಲ್ ಬಿಸಿಲು, ಗಂಟೆ ಹನ್ನೊಂದು. ನೆರಳು ಅಂತ ಇದ್ದದ್ದು ಬಳ್ಳಾರಿ ಜಾಲಿ. ಅದರ ಕೆಳಗೆ ಅವ್ವ ಎರಡೂವರೆ ತಾಸು ಹಣ್ಣುಕಾಯಿ ಬುಟ್ಟಿ ಹಿಡಿದು ಕೂತಳು, ಒಂದು ಮಾತೂ ಆಡದೆ. ಬೈದಿದ್ದರೆ ವಾಸಿಯಿತ್ತು.

ಟೋಯಿಂಗ್‌ಗೆ 3,500 ಕೊಟ್ಟು ಹೊಸಪೇಟೆಯ ಬೇರೊಂದು ಗ್ಯಾರೇಜಿಗೆ ಹಾಕಿದೆ. ಅಲ್ಲಿನ ಹಿರಿಯ ಮಿಸ್ತ್ರಿ ಪುಲ್ಲಿ ಬಿಚ್ಚಿ, ಏನೂ ಹೇಳದೆ ನನ್ನ ಅಂಗೈ ಮೇಲೆ ಎರಡು ಚೂರು ಕಬ್ಬಿಣ ಇಟ್ಟರು. ಪುಲ್ಲಿಗೂ ಶಾಫ್ಟಿಗೂ ನಡುವೆ ಕೂರುವ ಸಣ್ಣ ತುಂಡು, ಪುಲ್ಲಿಯ ಕೀ ಅದು, ಮುರಿದು ಎರಡಾಗಿತ್ತು. ಕ್ರ್ಯಾಂಕಿನ ಮೂತಿಯಲ್ಲಿ ಆ ಕೀ ಕೂರುವ ಸೀಳು ಅಗಲವಾಗಿ ಬಾಯಿ ಬಿಟ್ಟಿತ್ತು.

ಅವರು ಹೇಳಿದ ಮೇಲೆಯೇ ನನಗೆ ತಿಳಿದದ್ದು: ಪುಲ್ಲಿಯನ್ನು ಹಿಡಿದಿಡುವುದು ಕೀ ಅಲ್ಲ, ಬೋಲ್ಟಿನ ಬಿಗಿ. ಕೀ ಇರುವುದು ಪುಲ್ಲಿ ಸರಿಯಾದ ಜಾಗಕ್ಕೆ ಕೂರಲಿ ಅಂತ. ಸುತ್ತಿಗೆ ಏಟಿಗೆ ಕೀ ಜರುಗಿ ಪುಲ್ಲಿಗೆ ಅಡ್ಡ ನಿಂತಿದೆ, ಪುಲ್ಲಿ ಪೂರ್ತಿ ಒಳಗೆ ಹೋಗಿಲ್ಲ. ಗನ್ನಿಗೆ ಅದೇನು ಗೊತ್ತು? ತಡೆದದ್ದನ್ನೇ ಬಿಗಿ ಎಂದುಕೊಂಡಿದೆ. ಓಡುತ್ತಾ ಓಡುತ್ತಾ ಪುಲ್ಲಿ ತನ್ನ ಜಾಗಕ್ಕೆ ಸರಿದಿದೆ, ಬೋಲ್ಟ್ ಸಡಿಲವಾಗಿದೆ. ಆಮೇಲೆ ಎಂಜಿನ್ನಿನ ಒಂದೊಂದು ಏಟೂ ಕೀ ಮೇಲೆ. ವಾಲ್ವ್ ತೆರೆದು ಮುಚ್ಚುವ ಸಮಯ ಕಾಯುವ ಟೈಮಿಂಗ್ ಬೆಲ್ಟಿನ ಗೇರನ್ನು ಬಿಗಿ ಹಿಡಿಯುವುದೂ ಅದೇ ಬೋಲ್ಟ್, ಆ ಗೇರು ಜರುಗಿದರೆ ಪಿಸ್ಟನ್ ವಾಲ್ವಿಗೆ ಬಡಿಯಬಹುದು. "ಇನ್ನೊಂದು ಸ್ವಲ್ಪ ಓಡ್ಸಿದ್ರೆ ವಾಲ್ವ್ ಬಗ್ಗತಿದ್ವು" ಎಂದರು.

ಲೇತಿನವನೊಬ್ಬ ವೆಲ್ಡಿಂಗ್ ತುಂಬಿ ಆ ಸೀಳು ಮತ್ತೆ ಕೊರೆದು ಕೊಡುತ್ತೇನೆ, ನಾಲ್ಕು ಸಾವಿರ ಎಂದ. ಆಸೆಯಾಯಿತು. ಮಿಸ್ತ್ರಿ ತಲೆ ಅಲ್ಲಾಡಿಸಿದರು. "ಆ ಕಾವಿಗೆ ಶಾಫ್ಟ್ ಬಗ್ಗಿದ್ರೆ ಆಮ್ಯಾಲೆ ನನ್ನ ಕೇಳಬ್ಯಾಡ್ರಿ." ಎಂಜಿನ್ ಇಳಿಯಿತು. ಹೊಸ ಕ್ರ್ಯಾಂಕ್, ಬೇರಿಂಗ್, ಗ್ಯಾಸ್ಕೆಟ್, ಒರಿಜಿನಲ್ ಪುಲ್ಲಿ, ಕೂಲಿ ಎಲ್ಲ ಸೇರಿ 46,300. ಕಾರು ಮಾರಿದರೆ ಅದರ ಎರಡರಷ್ಟು ಬಂದರೆ ಹೆಚ್ಚು.

ಹಾಕುವಾಗ ಈ ಸಲ ಪಕ್ಕದಲ್ಲೇ ನಿಂತು ನೋಡಿದೆ. ಮೂತಿಯನ್ನು ಚೆನ್ನಾಗಿ ಒರೆಸಿದರು. ಹೊಸ ಕೀ ಕೂರಿಸಿದರು. ಪುಲ್ಲಿಯನ್ನು ಕೈಯಿಂದಲೇ ಒತ್ತಿ ಸರಿಸಿದರು, ಸುತ್ತಿಗೆ ಮುಟ್ಟಲಿಲ್ಲ. ಹೇಗೂ ಬಿಚ್ಚಿದೆ ಅಂತ ಪುಲ್ಲಿಯ ಹಿಂದಿರುವ ಆಯಿಲ್ ಸೀಲನ್ನೂ ಬದಲಿಸಿದರು, ನೂರಿನ್ನೂರರ ಬಾಬತ್ತು. ಹೊಸ ಬೋಲ್ಟ್. ಕೆಲವು ಕಾರುಗಳಲ್ಲಿ ಈ ಬೋಲ್ಟ್ ಬಿಗಿದಾಗ ಎಳೆದುಕೊಂಡು ಉದ್ದವಾಗುತ್ತದೆ, ಬಿಚ್ಚಿದ್ದನ್ನು ಮತ್ತೆ ಹಾಕುವಂತಿಲ್ಲ. ಕೊನೆಗೆ ಎಂಜಿನ್ ತಿರುಗದಂತೆ ಹಿಡಿದು, ಮೊಬೈಲಿನಲ್ಲಿ ನನ್ನ ಮಾಡೆಲ್ಲಿನ ಅಳತೆ ನೋಡಿ, ಟಾರ್ಕ್ ರೆಂಚ್ ಕ್ಲಿಕ್ ಅನ್ನುವವರೆಗೆ ಎಳೆದರು. ಈ ಅಳತೆ ಕಾರಿಂದ ಕಾರಿಗೆ ಬೇರೆ. ಹಲವಕ್ಕೆ 100 ನ್ಯೂಟನ್ ಮೀಟರಿಗಿಂತ ಜಾಸ್ತಿಯೇ ಇರುತ್ತದೆ, ಕೆಲವಕ್ಕೆ ಅದರ ಮೇಲೆ ಇಷ್ಟು ಡಿಗ್ರಿ ತಿರುಗಿಸಬೇಕು ಅಂತಲೂ ಇರುತ್ತದೆ. ನಿಮ್ಮ ಗ್ಯಾರೇಜಿನಲ್ಲಿ ಆ ರೆಂಚ್ ಇಲ್ಲ ಅಂದರೆ ಕ್ರ್ಯಾಂಕ್ ಬೋಲ್ಟ್ ಮುಟ್ಟಿಸಲೇಬೇಡಿ. ಬೇರೆ ಕೆಲಸ ಏನಾದರೂ ಕೊಡಿ.

ತುಂಡಾದ ಕೀ ಹಿಡಿದುಕೊಂಡು ಮೊದಲಿನ ಗ್ಯಾರೇಜಿಗೂ ಹೋಗಿದ್ದೆ, ಜಗಳಕ್ಕೇ. ಅವರು ಅದನ್ನು ತಿರುಗಿಸಿ ಮುರುಗಿಸಿ ನೋಡಿದರು. "ಚೆನ್ನಾಗೇ ಬಿಗಿದಿದ್ನಲ್ಲ ಸರ್" ಅಂತ ಎರಡು ಸಲ ಹೇಳಿದರು. ಆಮೇಲೆ ಗಲ್ಲಾದಿಂದ 700 ತೆಗೆದು ಕೈಗಿಟ್ಟರು. ಜಗಳ ಬಾಯಲ್ಲೇ ಉಳಿಯಿತು.

ಕಾರು ಈಗ ಗಮ್ಮತ್ತಾಗಿ ಓಡುತ್ತಿದೆ. ಹುಲಿಗಿಗೆ ಮಾತ್ರ ಇನ್ನೂ ಹೋಗಿಲ್ಲ. ಮುಂದಿನ ಹುಣ್ಣಿಮೆಗೆ ಕರ್ಕೊಂಡು ಹೋಗ್ತೀನಿ ಅಂದರೆ ಅವ್ವ, "ಬಸ್ಸಿಗೆ ಹೋಗೋಣಪ್ಪ, ಬಸ್ಸಿಗೆ" ಅಂತಾಳೆ.