ಕೂಲಂಟ್ ಇಳಿಯುತ್ತಿದ್ದರೆ ಬರೀ ತುಂಬಿಸುತ್ತಾ ಹೋಗಬೇಡಿ

ನಾಲ್ಕು ತಿಂಗಳು ನಾನು ಮಾಡಿದ್ದು ಇಷ್ಟೇ. ವಾರಕ್ಕೊಮ್ಮೆ ಬಾನೆಟ್ ಎತ್ತುವುದು, ಟ್ಯಾಂಕಿನಲ್ಲಿ ಕೂಲಂಟ್, ಅಂದರೆ ಎಂಜಿನ್ ಬಿಸಿ ಎಳೆದುಕೊಳ್ಳುವ ದ್ರವ, ಕೆಳಗಿನ ಗೆರೆಗಿಂತ ಇಳಿದಿದೆಯಾ ನೋಡುವುದು, ಒಂದು ಲೋಟದಷ್ಟು ಸುರಿದು ಮುಚ್ಚುವುದು. ಗಾಡಿ ನಿಂತ ಜಾಗದಲ್ಲಿ ಒಂದು ಹನಿಯೂ ಬಿದ್ದಿರುತ್ತಿರಲಿಲ್ಲ. ಟೆಂಪರೇಚರ್ ಮುಳ್ಳು ಯಾವಾಗಲೂ ನಡುವೆಯೇ ಇರುತ್ತಿತ್ತು. ಸೋರುತ್ತಿಲ್ಲ, ಬಿಸಿಯೂ ಏರುತ್ತಿಲ್ಲ, ಇನ್ನೇನು ತೊಂದರೆ ಅಂದುಕೊಂಡೆ. ಕೊನೆಗೆ ಎಂಜಿನ್ನಿನ ಹೆಡ್ಡೇ, ಅಂದರೆ ಸಿಲಿಂಡರುಗಳ ಮೇಲೆ ಕೂರುವ ಭಾಗವೇ, ಬಿಚ್ಚಬೇಕಾಯಿತು. ನಿಮ್ಮ ಗಾಡಿಯಲ್ಲೂ ಇದೇ ಕಥೆ ನಡೆಯುತ್ತಿದ್ದರೆ ದಯವಿಟ್ಟು ಕೊನೆಯವರೆಗೂ ಓದಿ.

ಕೂಲಂಟ್ ಪೆಟ್ರೋಲಿನ ಹಾಗೆ ಖರ್ಚಾಗುವ ವಸ್ತು ಅಲ್ಲ. ಮುಚ್ಚಿದ ದಾರಿಯೊಳಗೆ ಅದೇ ದ್ರವ ಸುತ್ತುತ್ತಿರುತ್ತದೆ. ಬಿಸಿಯಾದಾಗ ಹಿಗ್ಗಿ ಟ್ಯಾಂಕಿನಲ್ಲಿ ಮೇಲೇರುತ್ತದೆ, ಆರಿದ ಮೇಲೆ ಇಳಿಯುತ್ತದೆ. ಅದಕ್ಕೇ ಬೆಳಿಗ್ಗೆ ಎಂಜಿನ್ ಪೂರ್ತಿ ತಣ್ಣಗಿರುವಾಗ ಮಟ್ಟ ನೋಡಬೇಕು. ಹಾಗೆ ನೋಡಿದಾಗಲೂ ವಾರವಾರ ಇಳಿಯುತ್ತಿದೆ ಅಂದರೆ ಅದು ಎಲ್ಲೋ ಹೋಗುತ್ತಿದೆ. ನಾನು ಮೊದಲ ತಿಂಗಳಲ್ಲೇ ಈ ಮಾತನ್ನು ನಂಬಬೇಕಿತ್ತು.

ಮೊದಲು ಹೋದ ಗ್ಯಾರೇಜಿನಲ್ಲಿ ಏನನ್ನೂ ಪರೀಕ್ಷಿಸಲಿಲ್ಲ. ಸೋರಿಕೆ ನಿಲ್ಲಿಸುವ ದ್ರಾವಣ ಒಂದು ಬಾಟಲಿ ಸುರಿದು, "ಇನ್ನು ಆರಾಮಾಗಿ ಓಡಿಸಿ" ಎಂದರು. ಎರಡು ವಾರ ಮಟ್ಟ ಕದಲಲಿಲ್ಲ. ಆಮೇಲೆ ಮತ್ತೆ ಇಳಿಯಿತು, ಜೊತೆಗೆ ಹೀಟರ್ ಸರಿಯಾಗಿ ಬಿಸಿಯಾಗುವುದೂ ನಿಂತಿತು. ಹೀಟರಿಗೆ ಬಿಸಿ ಬರುವುದೂ ಇದೇ ಕೂಲಂಟಿನಿಂದ. ಆ ದ್ರಾವಣದಲ್ಲಿರುವ ಕಣಗಳಿಗೆ ಬಿರುಕು ಯಾವುದು, ಹೀಟರಿನ ಸಣ್ಣ ಕೊಳವೆ ಯಾವುದು ಎಂಬ ಭೇದ ಇಲ್ಲ, ಎರಡೂ ಕಡೆ ಕೂರುತ್ತವೆ. ಈ ಅರೆಬಿಸಿ ಹೀಟರ್ ಮುಂದೆ ನನ್ನನ್ನು ಹೇಗೆ ದಾರಿ ತಪ್ಪಿಸಿತು ಅನ್ನುವುದನ್ನು ಹೇಳುತ್ತೇನೆ.

ಎರಡನೇ ಗ್ಯಾರೇಜಿನವರು ಕೈಪಂಪಿನಿಂದ ಗಾಳಿ ತುಂಬಿ ಒತ್ತಡದ ಪರೀಕ್ಷೆ ಮಾಡಿದರು. ತಣ್ಣಗಿರುವ ಎಂಜಿನ್, ಐದೇ ನಿಮಿಷ. ಒತ್ತಡದ ಮುಳ್ಳು ಅಲುಗಲಿಲ್ಲ. "ಲೀಕೇ ಇಲ್ಲ, ಮುಚ್ಚಳ ವೀಕ್ ಆಗಿರಬೇಕು" ಎಂದು ಹೊಸ ಮುಚ್ಚಳ ಹಾಕಿದರು. ಮುಚ್ಚಳವನ್ನು ಅನುಮಾನಿಸಿದ್ದು ತಪ್ಪಲ್ಲ. ಅರ್ಧ ನೀರು ಅರ್ಧ ಗ್ಲೈಕಾಲ್ ಇರುವ ಕೂಲಂಟ್ ತೆರೆದ ಪಾತ್ರೆಯಲ್ಲಿ ಸುಮಾರು 107 ಡಿಗ್ರಿ ಸೆಲ್ಸಿಯಸ್‌ಗೆ ಕುದಿಯುತ್ತದೆ. ಮುಚ್ಚಳ ಸುಮಾರು 1 ಬಾರ್ ಒತ್ತಡ ಹಿಡಿದಿಟ್ಟರೆ ಅದು 120 ದಾಟಿದರೂ ಕುದಿಯುವುದಿಲ್ಲ. ಮುಚ್ಚಳ ಸಡಿಲವಾದರೆ ಕೂಲಂಟ್ ಬೇಗ ಕುದಿದು ಹೊರಗೆ ಹೋಗುತ್ತದೆ. ಆದರೆ ನನ್ನ ಗಾಡಿಯ ರೋಗ ಅದಾಗಿರಲಿಲ್ಲ.

ಒಂದು ದಿನ ಉದ್ದನೆಯ ಏರಿನಲ್ಲಿ ಹೋಗುತ್ತಿದ್ದೆ. ಹೀಟರಿನಿಂದ ಬರುತ್ತಿದ್ದ ಗಾಳಿ ಪೂರ್ತಿ ತಣ್ಣಗಾಯಿತು. ಮೊದಲೇ ಕೆಟ್ಟಿದೆಯಲ್ಲ ಎಂದು ಗಮನ ಕೊಡಲಿಲ್ಲ. ಮುಳ್ಳು ನಡುವಿನಿಂದ ಸ್ವಲ್ಪ ಕೆಳಗೇ ಇಳಿದಿತ್ತು, ಅದನ್ನು ನೋಡಿ ಸಮಾಧಾನವೇ ಆಯಿತು. ನಿಜಕ್ಕೂ ಆಗಿದ್ದೇನೆಂದರೆ, ಕೂಲಂಟ್ ಅಷ್ಟು ಕಡಿಮೆಯಾಗಿ ಸೆನ್ಸರ್ ದ್ರವದಲ್ಲಿ ಮುಳುಗಿರದೆ ಗಾಳಿಯಲ್ಲಿತ್ತು. ಸುತ್ತ ದ್ರವವೇ ಇಲ್ಲದಿದ್ದರೆ ಅದು ಎಂಜಿನ್ನಿನ ನಿಜವಾದ ಬಿಸಿಯನ್ನು ಹೇಳುವುದಾದರೂ ಹೇಗೆ? ಎರಡು ನಿಮಿಷದಲ್ಲಿ ಎಳೆತ ಕುಸಿಯಿತು, ಟಕಟಕ ಸದ್ದು ಬಂತು, ಬಾನೆಟ್ ಸಂದಿನಿಂದ ಆವಿ ಎದ್ದಿತು. ನಿಲ್ಲಿಸಿ ಇಳಿದವನೇ ಮುಚ್ಚಳಕ್ಕೆ ಕೈ ಹಾಕಲು ಹೋದೆ. ಜೊತೆಯಲ್ಲಿದ್ದವರು ಕೈ ಹಿಡಿದು ಎಳೆಯದಿದ್ದರೆ ಮುಖ ಸುಟ್ಟುಕೊಳ್ಳುತ್ತಿದ್ದೆ. ಒತ್ತಡ ಬಿಟ್ಟ ಕ್ಷಣವೇ ಒಳಗಿನ ಕೂಲಂಟ್ ಕುದಿದು ಚಿಮ್ಮುತ್ತದೆ. ಎಂಜಿನ್ ಪೂರ್ತಿ ಆರುವವರೆಗೆ ಆ ಮುಚ್ಚಳ ಮುಟ್ಟಬೇಡಿ, ಬಟ್ಟೆ ಹಿಡಿದುಕೊಂಡೂ ಬೇಡ.

ಮೂರನೆಯವರು ವಯಸ್ಸಾದ ಮೆಕ್ಯಾನಿಕ್. ಸ್ಪ್ಯಾನರ್ ಮುಟ್ಟುವ ಮೊದಲು ಅರ್ಧ ಗಂಟೆ ಬರೀ ನೋಡಿದರು. ಡ್ಯಾಶ್‌ಬೋರ್ಡ್ ಕೆಳಗಿನ ಕಾರ್ಪೆಟ್ ಒದ್ದೆಯಿದೆಯಾ ಎಂದು ಕೈಯಿಟ್ಟು ನೋಡಿದರು, ಆಯಿಲ್ ಕಡ್ಡಿ ಎಳೆದು ನೋಡಿದರು, ಟಾರ್ಚ್ ಮತ್ತು ಪುಟ್ಟ ಕನ್ನಡಿ ಹಿಡಿದು ಎಂಜಿನ್ನಿನ ಹಿಂಬದಿಗೆ ಬಗ್ಗಿದರು. "ಇಲ್ನೋಡಿ ಸಾರ್" ಎಂದು ಕನ್ನಡಿ ತಿರುಗಿಸಿದರು. ಥರ್ಮೋಸ್ಟಾಟ್, ಅಂದರೆ ಬಿಸಿ ನೋಡಿಕೊಂಡು ಕೂಲಂಟಿನ ದಾರಿ ತೆರೆಯುವ ಕವಾಟ, ಕೂರುವ ಪ್ಲಾಸ್ಟಿಕ್ ಹೌಸಿಂಗಿನ ಕೆಳಗೆ ತೆಳು ಗುಲಾಬಿ ಬಣ್ಣದ ಗೀರು, ಗೋಡೆಯ ಮೇಲೆ ಉಪ್ಪು ಬಿಟ್ಟುಕೊಂಡ ಹಾಗೆ. ಉಗುರಿನಿಂದ ಕೆರೆದರೆ ಪುಡಿಯಾಗಿ ಉದುರಿತು. ಅಲ್ಲೊಂದು ಕೂದಲೆಳೆಯ ಬಿರುಕು. ತಣ್ಣಗಿದ್ದಾಗ ಅದು ಮುಚ್ಚಿಕೊಳ್ಳುತ್ತಿತ್ತು, ಬಿಸಿಯೂ ಒತ್ತಡವೂ ಸೇರಿದಾಗ ಬಿಡುತ್ತಿತ್ತು. ಜಿನುಗಿದ್ದೆಲ್ಲ ಕಾದ ಬ್ಲಾಕಿನ ಮೇಲೆ ಬಿದ್ದು ಅಲ್ಲೇ ಆವಿ. ನೆಲಕ್ಕೆ ಹನಿ ಎಲ್ಲಿಂದ ಬರಬೇಕು?

ಆಮೇಲೆ ಟ್ಯಾಂಕಿನ ಬಾಯಿಂದ ಬರುವ ಗಾಳಿಯನ್ನು ನೀಲಿ ದ್ರಾವಣದ ಮೂಲಕ ಹಾಯಿಸಿದರು. ನೀಲಿ ಹೋಗಿ ಹಳದಿಯಾಯಿತು. ಸಿಲಿಂಡರಿನ ಹೊಗೆ ಕೂಲಂಟಿಗೆ ಸೇರುತ್ತಿದೆ, ಅಂದರೆ ಅಷ್ಟು ಕಾದಿದ್ದಕ್ಕೆ ಹೆಡ್ಡಿಗೂ ಬ್ಲಾಕಿಗೂ ನಡುವಿನ ಪದರ, ಹೆಡ್ ಗ್ಯಾಸ್ಕೆಟ್, ಹೋಗಿದೆ. ಹೆಡ್ ಬಿಚ್ಚಿದಾಗ ಅದೂ ಬಾಗಿತ್ತು, ಲೇತಿಗೆ ಕಳಿಸಿ ಮಟ್ಟ ಮಾಡಿಸಬೇಕಾಯಿತು. ಅಂಗೈಯಲ್ಲಿ ಹಿಡಿಯುವ ಒಂದು ಪ್ಲಾಸ್ಟಿಕ್ ಭಾಗವನ್ನು ಸಮಯಕ್ಕೆ ಬದಲಿಸಿದ್ದರೆ ಮುಗಿಯುತ್ತಿತ್ತು. ಉಗುರಲ್ಲಿ ಹೋಗುವುದಕ್ಕೆ ಕೊಡಲಿ ತೆಗೆದುಕೊಂಡ ಹಾಗಾಯಿತು.

ಹಾಗಾಗಿ ಗ್ಯಾರೇಜಿಗೆ ಹೋದರೆ ಪಾರ್ಟ್ ಬದಲಿಸುವ ಮೊದಲು ಪರೀಕ್ಷೆ ಮಾಡಿಸಿ. ಒತ್ತಡದ ಪರೀಕ್ಷೆಯಲ್ಲಿ ಐದು ನಿಮಿಷಕ್ಕೆ ತೃಪ್ತರಾಗಬೇಡಿ, ಹೆಚ್ಚು ಹೊತ್ತು ಬಿಡಲು ಹೇಳಿ, ಆಮೇಲೂ ಸಿಗದಿದ್ದರೆ ಕೂಲಂಟಿಗೆ ಹೊಳೆಯುವ ಬಣ್ಣ ಬೆರೆಸಿ ಕೆಲವು ದಿನ ಓಡಿಸಿ ನೇರಳಾತೀತ ದೀಪದಲ್ಲಿ ನೋಡಲು ಕೇಳಿ. ಮನೆಯಲ್ಲೇ ನೋಡಬಹುದಾದದ್ದೂ ಇದೆ. ಹೋಸ್ ಪೈಪುಗಳ ಕ್ಲಿಪ್ ಬಳಿ, ವಾಟರ್ ಪಂಪಿನ ಕೆಳಗಿನ ಸಣ್ಣ ರಂಧ್ರದ ಬಳಿ ಒಣಗಿದ ಬಣ್ಣದ ಕಲೆ ಹುಡುಕಿ. ಗಾಡಿಯೊಳಗೆ ಸಿಹಿ ವಾಸನೆ, ಮುಂದಿನ ಗಾಜಿನ ಒಳಬದಿಯಲ್ಲಿ ಜಿಡ್ಡಿನ ಮಂಜು ಇದ್ದರೆ ಹೀಟರಿನ ಕಡೆ ಅನುಮಾನಿಸಿ. ರಾತ್ರಿಯಿಡೀ ನಿಂತ ಗಾಡಿಯಲ್ಲಿ ರೇಡಿಯೇಟರಿನ ಮೇಲ್ಭಾಗದ ಹೋಸ್ ಬೆಳಿಗ್ಗೆಯೂ ಗಟ್ಟಿಯಾಗಿದ್ದರೆ, ಎಂಜಿನ್ ಬಿಸಿಯಾದ ಮೇಲೂ ಬಿಳಿ ಹೊಗೆ ಬರುತ್ತಿದ್ದರೆ, ಗ್ಯಾಸ್ಕೆಟ್ ಪರೀಕ್ಷೆಯನ್ನು ಮುಂದೂಡಬೇಡಿ. ಡೀಸೆಲ್ ಗಾಡಿಗಳಲ್ಲಿ ಇಜಿಆರ್ ಕೂಲರ್ (ಎಂಜಿನ್ನಿಗೆ ಮರಳಿ ಹೋಗುವ ಹೊಗೆಯನ್ನು ಕೂಲಂಟಿನಿಂದ ತಣ್ಣಗಾಗಿಸುವ ಭಾಗ) ಒಳಗೇ ಸೋರಿದರೆ ಹೊರಗೆ ಗುರುತೇ ಸಿಗದಿರಬಹುದು.

ಬರೀ ನಲ್ಲಿ ನೀರು ಸುರಿಯುತ್ತಾ ಹೋಗಬೇಡಿ, ತುಕ್ಕು ತಡೆಯುವ ಅಂಶ ತೆಳುವಾಗುತ್ತದೆ. ಬಣ್ಣ ಒಂದೇ ಇದೆ ಎಂದು ಬೇರೆ ಕೂಲಂಟ್ ಬೆರೆಸಲೂ ಬೇಡಿ, ಯಾವುದು ಹಾಕಬೇಕೆಂದು ಗಾಡಿಯ ಕೈಪಿಡಿಯಲ್ಲಿರುತ್ತದೆ. ಕೂಲಂಟಿನಲ್ಲಿರುವ ಎಥಿಲೀನ್ ಗ್ಲೈಕಾಲ್ ಸಿಹಿ, ಆದರೆ ವಿಷ. ನಾಯಿ, ಬೆಕ್ಕು, ಮಕ್ಕಳು ಓಡಾಡುವ ಕಡೆ ಚೆಲ್ಲಿದ್ದನ್ನು ತಕ್ಷಣ ಒರೆಸಿ ತೊಳೆಯಿರಿ.

ಇನ್ನೊಂದು, ಎಲ್ಲಕ್ಕಿಂತ ಮುಖ್ಯವಾದದ್ದು. ಓಡುತ್ತಿರುವಾಗ ಬಿಸಿ ಗಾಳಿ ಬರುತ್ತಿದ್ದ ಹೀಟರ್ ಇದ್ದಕ್ಕಿದ್ದಂತೆ ತಣ್ಣಗಾದರೆ ಮುಳ್ಳು ಎಲ್ಲೇ ಇರಲಿ, ಸುರಕ್ಷಿತ ಜಾಗ ನೋಡಿ ಪಕ್ಕಕ್ಕೆ ಹಾಕಿ ಎಂಜಿನ್ ಆಫ್ ಮಾಡಿ. ಅಲ್ಲಿಂದ ಮುಂದೆ ಎಳೆಸಿಕೊಂಡು ಹೋಗಿ, ಓಡಿಸಿಕೊಂಡು ಹೋಗಬೇಡಿ.